ಅಜ್ಜಿಗೆ ಹದಿನೆಂಟು, ನಮಗೆ ನಲವತ್ತು

ಹೋದ ತಿಂಗಳು ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬನ ಬರ್ತ್‌ಡೇ ಇತ್ತು. ರಾತ್ರಿ ಹನ್ನೆರಡಕ್ಕೆ ಕೇಕ್ ಕಟ್ ಮಾಡಿಸಿ, ಅರ್ಧ ಕೇಕನ್ನು ಅವನ ಮುಖಕ್ಕೇ ಬಳಿದು, ಎಲ್ಲರೂ ಸುಸ್ತಾಗಿ ಕಾರಿಡಾರಿನಲ್ಲಿ ಕೂತಿದ್ದೆವು. ಆಗ ಅವನು ಒಂದು ಮಾತು ಹೇಳಿದ: "ವಯಸ್ಸಾಗೋಯ್ತು ಮಗಾ. ಹತ್ತೊಂಬತ್ತು. ಮುಗೀತು ಲೈಫು."

ತಮಾಷೆ ಅಂದುಕೊಂಡು ಯಾರೂ ನಗಲಿಲ್ಲ. ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್, ಸಿಜಿಪಿಎ, ಮನೆಯವರು ಕಟ್ಟಿರೋ ಫೀಸು, ಇನ್ನೂ ಎರಡು ವರ್ಷ ಆಚೆ ಇರೋ ಪ್ಲೇಸ್‌ಮೆಂಟಿನ ಭಯ. ಇದನ್ನೆಲ್ಲ ಕೂಡಿಸಿದರೆ ನಮಗೂ ಒಂದು ನಲವತ್ತು ವಯಸ್ಸಾದ ಹಾಗೇ ಅನ್ನಿಸುತ್ತಿತ್ತು.

ಅದಾಗಿ ಒಂದು ವಾರಕ್ಕೆ ದೀಪಾವಳಿ ರಜೆ. ನಮ್ಮ ಫ್ಲೋರ್‌ನಲ್ಲಿ ಚಿತ್ರದುರ್ಗ ಜಿಲ್ಲೆಯವರೇ ನಾಲ್ಕು ಜನ ಇದ್ದೇವೆ: ಒಬ್ಬ ದುರ್ಗದವನು, ಒಬ್ಬ ಹಿರಿಯೂರಿನವನು, ಒಬ್ಬ ಹೊಸದುರ್ಗದವನು, ಒಬ್ಬ ಹೊಳಲ್ಕೆರೆಯವನು. ಹೊಸದುರ್ಗದವನು ಊರಿಗೆ ಹೋದಾಗ ಅವನ ಅಜ್ಜಿ ನೀರು ತುಂಬಿದ ಕೊಡ ಎತ್ತುತ್ತಿದ್ದರಂತೆ. ಇವನು ಓಡಿಹೋಗಿ, "ಅಜ್ಜಿ, ನಿಂಗೆ ವಯಸ್ಸಾಯ್ತು, ಇತ್ಲಾಗ್ ಕೊಡು" ಅಂದ. ಅಜ್ಜಿ ಕೊಡ ಕೊಡಲಿಲ್ಲ. "ಯಾರಿಗಲೇ ವಯಸ್ಸಾಗಿರೋದು? ನಾನಿನ್ನೂ ಕಾಯಿ ಕಣಲೇ, ಹಣ್ಣಾಗಿಲ್ಲ" ಅಂದರು.

ಚೌಕಾಬಾರ ಆಡಿದವರಿಗೆ ಈ ಮಾತು ತಕ್ಷಣ ಗೊತ್ತಾಗುತ್ತೆ. ಆಟದಲ್ಲಿ ನಮ್ಮ ಕಾಯಿ ಮನೆಮನೆ ಸುತ್ತಿ ನಡುಮನೆ ಸೇರಿದರೆ ಅದು "ಹಣ್ಣಾಯ್ತು" ಅಂತೀವಿ. ಹಣ್ಣಾದ ಮೇಲೆ ಆ ಕಾಯಿಗೆ ಆಟ ಇಲ್ಲ. ಅಜ್ಜಿಗೆ ಎಪ್ಪತ್ತು ದಾಟಿದೆ. ಆದರೂ ಆಟ ಮುಗಿದಿಲ್ಲ ಅಂತಾರೆ. ಹತ್ತೊಂಬತ್ತಕ್ಕೆ ನಾವು ಮುಗೀತು ಅಂತೀವಿ. ಇದ್ಯಾವ ಲೆಕ್ಕ? ನಾಲ್ವರೂ ಫೋನಿನಲ್ಲಿ ಮಾತಾಡಿಕೊಂಡು, ರಜೆ ಮುಗಿಯೋದರೊಳಗೆ ಅವರವರ ಮನೆಯಲ್ಲಿ ಒಂದೇ ಪ್ರಶ್ನೆ ಕೇಳೋಣ ಅಂತ ತೀರ್ಮಾನ ಮಾಡಿದೆವು: "ಆಧಾರ್ ಕಾರ್ಡ್ ಪಕ್ಕಕ್ಕಿಡಿ. ಒಳಗೆ ನಿಮಗೆ ಎಷ್ಟು ವಯಸ್ಸು ಅನ್ಸುತ್ತೆ?"

ಇದು ಸರ್ವೇ ಅಲ್ಲ. ನಾಲ್ಕು ಮನೆಯ ಮಾತು ಅಷ್ಟೇ. ಆದರೆ ಸಿಕ್ಕ ಉತ್ತರಗಳು ನಮ್ಮನ್ನು ಲೈಬ್ರರಿವರೆಗೂ ಓಡಿಸಿದವು. ಅದಕ್ಕೇ ಈ ಲೇಖನ.

ನಾಲ್ಕು ಮನೆ, ನಾಲ್ಕು ಉತ್ತರ

ಹೊಸದುರ್ಗದ ಅಜ್ಜಿ ಯೋಚನೆಯನ್ನೇ ಮಾಡಲಿಲ್ಲ. "ಹದಿನೆಂಟು" ಅಂದುಬಿಟ್ಟರು.

ಹಿರಿಯೂರಿನ ತಾತ ಮೊದಲು ಬೈದರು, ಆಮೇಲೆ ನಕ್ಕರು. "ಮಾಮೂಲಿ ದಿನ ಐವತ್ತು. ಕೋಡಿ ಬಿದ್ದ ದಿನ ಮಾತ್ರ ಹತ್ತು" ಅಂದರು. ಕೋಡಿ ಅಂದ್ರೆ ವಾಣಿವಿಲಾಸ ಸಾಗರದ ಕೋಡಿ. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಈ ಜಲಾಶಯವನ್ನು ನಮ್ಮ ಕಡೆ ಇವತ್ತಿಗೂ ಮಾರಿಕಣಿವೆ ಅಂತಲೇ ಕರೆಯುತ್ತಾರೆ. 1933ರಲ್ಲಿ ಅದು ತುಂಬಿ ಹರಿದಿತ್ತು. ಆಮೇಲೆ ತುಂಬಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಅಂದ್ರೆ 89 ವರ್ಷಕ್ಕೆ. ತಾತ ಹುಟ್ಟಿದ್ದೇ 1933ರ ಎಷ್ಟೋ ವರ್ಷ ಆದಮೇಲೆ. ಚಿಕ್ಕವರಿದ್ದಾಗ ಅವರಪ್ಪ ಹೇಳುತ್ತಿದ್ದ ಕೋಡಿಯ ಕಥೆ ಕೇಳಿಕೊಂಡೇ ಬೆಳೆದವರು. ಆಗ ನಾವು ಫಸ್ಟ್ ಪಿಯುಸಿ. ಹಿರಿಯೂರಿನವನ ಮನೆಯವರೆಲ್ಲ ಕೋಡಿ ನೋಡೋಕೆ ಹೋದರು. ಜನಜಾತ್ರೆ. ತಾತ ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ ಸೀದಾ ನೀರಿಗಿಳಿದರಂತೆ. ಮಗ ಹಿಂದಿನಿಂದ "ಅಪ್ಪಾ, ಕಾಲು ಜಾರುತ್ತೆ, ಬಾ ಈ ಕಡೆ" ಅಂತ ಕೂಗಿದ್ದೇ ಕೂಗಿದ್ದು. ತಾತ ತಿರುಗಿಯೂ ನೋಡಲಿಲ್ಲ. ಅಪ್ಪನ ಮಾತು ಕೇಳಿಸದ ಹಾಗೆ ಮಾಡುವ ಹುಡುಗನ ಥರವೇ.

ಹೊಳಲ್ಕೆರೆಯವನ ಅಮ್ಮನಿಗೆ ನಲವತ್ತೈದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಿಯುಸಿ ಓದೋ ಹುಡುಗಿ ಅನ್ಸುತ್ತೆ ಕಣೋ" ಅಂದರು. ಅವರ ಓದು ನಿಂತಿದ್ದೇ ಪಿಯುಸಿಗೆ. ಆಮೇಲೆ ಮದುವೆ. ಈ ಉತ್ತರ ಕೇಳಿ ಇವನಿಗೆ ನಗು ಬರಲಿಲ್ಲ.

ದುರ್ಗದವನ ಅಪ್ಪನಿಗೆ ನಲವತ್ತೆಂಟು. ಸಣ್ಣ ಅಂಗಡಿ, ಜೊತೆಗೆ ಬಿಪಿ. ಅವರ ಉತ್ತರ: "ಅರವತ್ತು." ಅಷ್ಟೇ. ಮುಂದೆ ಮಾತಿಲ್ಲ.

ಅಜ್ಜಿ, ತಾತ, ಅಮ್ಮ ಕಡಿಮೆ ಹೇಳಿದರು. ಅಪ್ಪ ಒಬ್ಬರೇ ಜಾಸ್ತಿ ಹೇಳಿದರು. ನಾವೂ ಜಾಸ್ತಿ ಹೇಳುವವರ ಗುಂಪಿನಲ್ಲೇ ಇದ್ದೇವೆ. ಯಾಕೆ ಹೀಗೆ?

ವಯಸ್ಸು ಅನ್ನೋದೇ ಒಂದು ಅಂದಾಜು

ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. "ನಿಜವಾದ ವಯಸ್ಸು" ಅಂತ ನಾವು ಹೇಳೋ ನಂಬರ್ ಕೂಡ ಅಷ್ಟೇನೂ ನಿಖರ ಅಲ್ಲ. ನಮ್ಮ ಅಜ್ಜ ಅಜ್ಜಿಯರ ದಾಖಲೆಗಳನ್ನು ತೆಗೆದು ನೋಡಿ. ಎಷ್ಟೋ ಜನರ ಹುಟ್ಟಿದ ದಿನ ಜೂನ್ 1. ಅಂದಿನ ಹಳ್ಳಿಗಳಲ್ಲಿ ಎಲ್ಲರೂ ಜೂನ್ ಒಂದಕ್ಕೇ ಹುಟ್ಟಿದರಾ? ಇಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು, ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಆರು ವರ್ಷ ಆಗಿದೆ ಅಂತ ಲೆಕ್ಕ. ಸ್ಕೂಲ್ ಶುರುವಾಗೋ ತಿಂಗಳಿನ ತಾರೀಕು ಬರೆದು ಸೇರಿಸಿಕೊಳ್ಳುತ್ತಿದ್ದರು. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಮುಂಚೆ ಹಳ್ಳಿಯವರಿಗೆ ವಯಸ್ಸು ಅಂದ್ರೆ "ಆ ದೊಡ್ಡ ಬರ ಬಂದ ವರ್ಷ", "ಮಾರಿಕಣಿವೆ ಕೋಡಿ ಬಿದ್ದು ಎರಡು ವರ್ಷಕ್ಕೆ" ಅನ್ನೋ ಥರದ ಲೆಕ್ಕ.

ದಕ್ಷಿಣ ಕೊರಿಯಾದಲ್ಲಿ ಇನ್ನೂ ಮಜಾ. ಅಲ್ಲಿನ ಹಳೇ ಪದ್ಧತಿಯಲ್ಲಿ ಮಗು ಹುಟ್ಟಿದಾಗಲೇ ಒಂದು ವರ್ಷ, ಆಮೇಲೆ ಪ್ರತಿ ಜನವರಿ 1ಕ್ಕೆ ಎಲ್ಲರಿಗೂ ಒಂದೊಂದು ವರ್ಷ ಜಾಸ್ತಿ. 2023ರ ಜೂನ್‌ನಲ್ಲಿ ಹೊಸ ಕಾನೂನು ಬಂದು ಲೆಕ್ಕ ಬದಲಾಯಿತು. ಒಂದೇ ದಿನದಲ್ಲಿ ಇಡೀ ದೇಶದ ಜನ ಕಾಗದದ ಮೇಲೆ ಒಂದೆರಡು ವರ್ಷ ಚಿಕ್ಕವರಾದರು!

ಹಾಗಾಗಿ ಕ್ಯಾಲೆಂಡರ್ ವಯಸ್ಸು ಒಂದು. ದೇಹದ ವಯಸ್ಸು ಇನ್ನೊಂದು. ಮೂರನೆಯದು, ನಮಗೆ ಅನ್ನಿಸುವ ವಯಸ್ಸು. ಮನಶ್ಶಾಸ್ತ್ರದವರು ಇದಕ್ಕೆ ಸಬ್ಜೆಕ್ಟಿವ್ ಏಜ್ ಅಂತಾರೆ. ಅದನ್ನು ಅಳೆಯೋದು ನಾವು ಮನೆಯಲ್ಲಿ ಮಾಡಿದ ಹಾಗೇ: ನೇರವಾಗಿ ಕೇಳೋದು.

25ರ ಗೆರೆ

ಡೇವಿಡ್ ರೂಬಿನ್ ಮತ್ತು ಡೋರ್ಥೆ ಬೆರ್ನ್ಟ್‌ಸನ್ ಅನ್ನೋ ಇಬ್ಬರು ಸಂಶೋಧಕರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಡೆನ್ಮಾರ್ಕಿನ 20ರಿಂದ 97 ವಯಸ್ಸಿನವರೆಗಿನ 1,470 ಜನರಿಗೆ ಇದೇ ಪ್ರಶ್ನೆ ಕೇಳಿದ್ದರು. ಅವರು ಮಾಡಿದ ಒಂದು ಜಾಣತನ ನಮ್ಮಂಥ ಇಂಜಿನಿಯರಿಂಗ್ ಹುಡುಗರಿಗೆ ಇಷ್ಟ ಆಗುತ್ತೆ. ವ್ಯತ್ಯಾಸವನ್ನು ಬರೀ ವರ್ಷದಲ್ಲಿ ನೋಡದೆ, ನಿಜವಾದ ವಯಸ್ಸಿನ ಎಷ್ಟು ಪಾಲು ಅಂತ ನೋಡಿದರು. ಅನ್ನಿಸುವ ವಯಸ್ಸಿನಿಂದ ನಿಜವಾದ ವಯಸ್ಸು ಕಳೆದು, ಬಂದದ್ದನ್ನು ನಿಜವಾದ ವಯಸ್ಸಿನಿಂದ ಭಾಗಿಸಿ. ಅಷ್ಟೇ ಫಾರ್ಮುಲಾ.

ಹಾಗೆ ಮಾಡಿದಾಗ ಗ್ರಾಫು ತುಂಬ ನೀಟಾಗಿ ಬಂತು. 40 ದಾಟಿದವರಿಗೆ ಸರಾಸರಿ ತಮ್ಮ ವಯಸ್ಸಿಗಿಂತ ಶೇಕಡಾ 20ರಷ್ಟು ಚಿಕ್ಕವರು ಅನ್ನಿಸುತ್ತೆ. 50ರವರಿಗೆ 40, 60ರವರಿಗೆ 48, 75ರವರಿಗೆ 60. ವಯಸ್ಸು ಏರಿದರೂ ಆ ಪಾಲು ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಇನ್ನು ಗ್ರಾಫಿನ ಎಡಗಡೆ ನೋಡಿದರೆ ಅಲ್ಲಿ ನಾವಿದ್ದೇವೆ. 25ಕ್ಕಿಂತ ಕೆಳಗಿನವರಿಗೆ ತಾವು ದೊಡ್ಡವರು ಅನ್ನಿಸುತ್ತೆ! 25ರ ಹತ್ತಿರ ಗೆರೆ ಸೊನ್ನೆಯನ್ನು ದಾಟಿ ಕೆಳಗೆ ಇಳಿಯುತ್ತೆ.

ಅಂದ್ರೆ ಆ ರಾತ್ರಿ ಕಾರಿಡಾರಿನಲ್ಲಿ ನಮಗಾದದ್ದು ಹೊಸ ಕಾಯಿಲೆ ಏನಲ್ಲ. ಈ ವಯಸ್ಸೇ ಹಾಗೆ. ಎಂಟು ವರ್ಷದ ಮಗುವನ್ನು ಕೇಳಿ, "ಎಂಟೂವರೆ" ಅನ್ನುತ್ತೆ. ಆ ಅರ್ಧ ವರ್ಷ ಅದಕ್ಕೆ ಬಹಳ ಮುಖ್ಯ. ಚಿಕ್ಕವರಿಗೆ ದೊಡ್ಡವರಾಗುವುದರಲ್ಲಿ ಲಾಭ ಇದೆ: ಗಾಡಿ ಓಡಿಸಬಹುದು, ನಮ್ಮ ಮಾತನ್ನು ಮನೆಯಲ್ಲಿ ಕೇಳುತ್ತಾರೆ. ವಯಸ್ಸಾದವರಿಗೆ ಆ ಲಾಭ ಉಲ್ಟಾ ಆಗುತ್ತೆ. "ಮುದುಕ" ಅನ್ನೋ ಪದದ ಜೊತೆ ಸಮಾಜ ಏನೇನು ಸೇರಿಸಿದೆಯೋ, ಅದರಲ್ಲಿ ಯಾವುದೂ ತನಗೆ ಹೊಂದೋದಿಲ್ಲ ಅಂತ ಅವರಿಗೆ ಗೊತ್ತಿರುತ್ತೆ. ಆದ್ದರಿಂದ ಆ ಪದದಿಂದ ದೂರ ನಿಲ್ಲುತ್ತಾರೆ.

ನೆನಪಿನ ಹಂಪ್

ಆದರೆ ಅಜ್ಜಿ ಯಾಕೆ ಸರಿಯಾಗಿ ಹದಿನೆಂಟು ಅಂದರು? ಮೂವತ್ತೈದು ಅನ್ನಬಹುದಿತ್ತಲ್ಲ?

ಇದಕ್ಕೆ ನೆನಪಿನ ಮೇಲೆ ನಡೆದಿರುವ ಕೆಲಸ ಸ್ವಲ್ಪ ಸಹಾಯ ಮಾಡುತ್ತೆ. ನಡುವಯಸ್ಸು ದಾಟಿದವರಿಗೆ ಒಂದಷ್ಟು ಪದಗಳನ್ನು ಕೊಟ್ಟು (ಮಳೆ, ಬಸ್ಸು, ಹಬ್ಬ ಅಂತಿಟ್ಟುಕೊಳ್ಳಿ), ಪ್ರತಿ ಪದಕ್ಕೂ ಜೀವನದ ಒಂದು ಘಟನೆ ನೆನಪಿಸಿಕೊಳ್ಳಿ ಅಂತ ಕೇಳಬೇಕು. ಆ ಘಟನೆ ಆದಾಗ ವಯಸ್ಸೆಷ್ಟು ಅಂತಲೂ ಕೇಳಿ ಗ್ರಾಫ್ ಹಾಕಬೇಕು. ಇತ್ತೀಚಿನ ಒಂದೆರಡು ವರ್ಷದ ನೆನಪು ಜಾಸ್ತಿ ಇರುತ್ತೆ, ಅದು ಸಹಜ. ಹಿಂದಕ್ಕೆ ಹೋದ ಹಾಗೆ ಕಮ್ಮಿಯಾಗುತ್ತಾ ಹೋಗುತ್ತೆ. ಆದರೆ 30ರಿಂದ ಕೆಳಗೆ ಬಂದಾಗ ಗ್ರಾಫು ಇದ್ದಕ್ಕಿದ್ದ ಹಾಗೆ ಮೇಲೇಳುತ್ತೆ. 10ರಿಂದ 30ರ ನಡುವೆ, ನಮ್ಮ ರಸ್ತೆಯ ಹಂಪ್ ಥರ ಒಂದು ಉಬ್ಬು. ಹೆಸರು ಕೂಡ ಹಾಗೇ ಇದೆ: ರೆಮಿನಿಸೆನ್ಸ್ ಬಂಪ್. ತೀರಾ ಚಿಕ್ಕಂದಿನ, ಮೂರು ನಾಲ್ಕು ವರ್ಷಕ್ಕೂ ಮುಂಚಿನ ಕಾಲಕ್ಕೆ ಬಂದರೆ ಹೆಚ್ಚುಕಮ್ಮಿ ಖಾಲಿ.

ಯಾಕೆ ಹೀಗೆ ಅನ್ನೋದಕ್ಕೆ ಹಲವು ವಿವರಣೆಗಳಿವೆ. ಮೊದಲನೆಯದು, ಆ ವಯಸ್ಸಿನಲ್ಲಿ ಎಲ್ಲವೂ ಮೊದಲ ಸಲ: ಮೊದಲ ಬಾರಿ ಊರು ಬಿಟ್ಟಿದ್ದು, ಮೊದಲ ಸಂಬಳ, ಮೊದಲ ಪ್ರೀತಿ, ಮೊದಲ ಫೇಲು. ಹೊಸದನ್ನು ಮೆದುಳು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತೆ. ಮುನ್ನೂರನೇ ಸಲ ಮಾಡಿದ ಕೆಲಸವನ್ನು ಇನ್ನೂರ ತೊಂಬತ್ತೊಂಬತ್ತನೆಯದರಿಂದ ಬೇರೆ ಮಾಡಿ ಯಾಕೆ ಇಟ್ಟುಕೊಳ್ಳಬೇಕು? ಎರಡನೆಯದು, "ನಾನು ಯಾರು" ಅನ್ನೋದು ಗಟ್ಟಿಯಾಗುವ ಕಾಲ ಅದು. ಮುಂದೆ ನಮ್ಮ ಕಥೆ ಹೇಳಿಕೊಳ್ಳುವಾಗಲೆಲ್ಲ ಅಲ್ಲಿಂದಲೇ ಶುರು ಮಾಡುತ್ತೇವೆ. ಹೇಳಿದಷ್ಟೂ ಆ ನೆನಪು ಗಟ್ಟಿಯಾಗುತ್ತೆ.

ಈ ನೆನಪೇ ಅನ್ನಿಸುವ ವಯಸ್ಸನ್ನು ತೀರ್ಮಾನ ಮಾಡುತ್ತೆ ಅಂತ ಹೇಳುವಷ್ಟು ಸರಳ ಅಲ್ಲ ವಿಷಯ. ಆದರೆ ಅಜ್ಜಿಯ ಮಾತು ಈಗ ನಮಗೆ ಅರ್ಥ ಆಯ್ತು ಅನ್ನಿಸಿತು. ಹದಿನೆಂಟು ಅನ್ನೋದು ಸುಳ್ಳೂ ಅಲ್ಲ, ಒಣ ಜಂಬವೂ ಅಲ್ಲ. ಅವರ ನೆನಪು ದಟ್ಟವಾಗಿರೋ ಜಾಗ ಅದು.

ಹೊಳಲ್ಕೆರೆಯ ಅಮ್ಮನ ಉತ್ತರವನ್ನೂ ಹೀಗೇ ಓದಬೇಕು. ಒಳಗೆ ಚಿಕ್ಕವರು ಅನ್ನಿಸೋದು ಯಾವಾಗಲೂ ಖುಷಿಯ ವಿಷಯ ಅಲ್ಲ. ಕೆಲವು ಸಲ, ಏನೋ ಒಂದು ಅರ್ಧಕ್ಕೆ ನಿಂತ ಜಾಗದಲ್ಲೇ ಮನಸ್ಸು ಕಾಯುತ್ತಾ ಕೂತಿರುತ್ತೆ. ಆ ಅಮ್ಮ ಈ ವರ್ಷ ಸ್ಕೂಟರ್ ಕಲಿತರು. ಮುಂದೆ ಎಲ್ ಬೋರ್ಡು, ಹಿಂದೆ ಭಯದಿಂದ ಸೀಟು ಹಿಡಿದುಕೊಂಡ ಮಗ. ಅಡಿಕೆ ತೋಟದ ಪಕ್ಕದ ಮಣ್ಣುರಸ್ತೆಯಲ್ಲಿ ಎರಡು ಸಲ ಬಿದ್ದರು. ಎರಡು ಸಲವೂ ಎದ್ದು ಮೊದಲು ಮಾಡಿದ ಕೆಲಸ, ಯಾರಾದರೂ ನೋಡಿದರಾ ಅಂತ ಸುತ್ತ ನೋಡಿ, ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದು. ಅಮ್ಮ ಹಾಗೆ ನಗೋದನ್ನ ನೋಡಿಯೇ ಇರಲಿಲ್ಲ ಅಂತ ಇವನು ಹೇಳಿದ.

ಕೋಟೆಯ ಕೋತಿಗಳು

ಈಗ ದುರ್ಗದ ಕೋಟೆಗೆ ಬನ್ನಿ. ಅಲ್ಲಿ ಕೋತಿಗಳು ಎಷ್ಟಿವೆ ಅಂತ ಹೋದವರಿಗೆಲ್ಲ ಗೊತ್ತು. ಕೈಯಲ್ಲಿ ತಿಂಡಿ ಇದ್ದರೆ ಇನ್ನೂ ಚೆನ್ನಾಗಿ ಗೊತ್ತು! ಒಂದು ಅರ್ಧ ಗಂಟೆ ಬಂಡೆ ಮೇಲೆ ಕೂತು ಅವುಗಳನ್ನು ಗಮನಿಸಿ. ಮರಿಗಳು ಒಂದರ ಬಾಲ ಒಂದು ಎಳೆಯುತ್ತವೆ, ಸುಮ್ಮಸುಮ್ಮನೆ ಕುಸ್ತಿ ಬೀಳುತ್ತವೆ, ಹತ್ತಿದ ಬಂಡೆಯನ್ನೇ ಮತ್ತೆ ಹತ್ತುತ್ತವೆ. ದೊಡ್ಡವು ಕೂತು ಹೇನು ಹೆಕ್ಕುತ್ತವೆ, ತಿನ್ನುತ್ತವೆ, ಗುರ್ ಅನ್ನುತ್ತವೆ. ಆಟ ಬಹುಪಾಲು ಮರಿಗಳದ್ದೇ.

ಹೆಚ್ಚಿನ ಪ್ರಾಣಿಗಳಲ್ಲಿ ಕಥೆ ಇಷ್ಟೇ. ಆಡಿ ಕಲಿಯೋ ಕಾಲ ಒಂದು, ಕಲಿತದ್ದರಲ್ಲಿ ಬದುಕೋ ಕಾಲ ಇನ್ನೊಂದು. ಮನುಷ್ಯ ಈ ನಿಯಮವನ್ನು ಸ್ವಲ್ಪ ಮುರಿದಿದ್ದಾನೆ. ಮರಿಯ ಗುಣಗಳು ದೊಡ್ಡವಾದ ಮೇಲೂ ಉಳಿದುಕೊಳ್ಳೋದಕ್ಕೆ ಜೀವಶಾಸ್ತ್ರದಲ್ಲಿ ನಿಯೋಟನಿ ಅಂತಾರೆ. ಮೆಕ್ಸಿಕೋದ ಆಕ್ಸೊಲಾಟಲ್ ಅನ್ನೋ ಜೀವಿ ಇದಕ್ಕೆ ಪಾಠದ ಉದಾಹರಣೆ. ಕಪ್ಪೆಯ ಗೊದಮೊಟ್ಟೆ ಕಪ್ಪೆಯಾಗದೆ, ಕಿವಿರು ಇಟ್ಟುಕೊಂಡೇ ನೀರಿನಲ್ಲೇ ಬೆಳೆದು ಮರಿ ಹಾಕಿದರೆ ಹೇಗಿರುತ್ತೋ ಹೆಚ್ಚುಕಮ್ಮಿ ಹಾಗೆ ಅದರ ಜೀವನ.

ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ 1959ರಲ್ಲಿ ದ್ಮಿತ್ರಿ ಬೆಲ್ಯಾಯೆವ್ ಅನ್ನೋ ವಿಜ್ಞಾನಿ ನರಿಗಳ ಮೇಲೆ ಒಂದು ಪ್ರಯೋಗ ಶುರು ಮಾಡಿದರು. ಪ್ರತಿ ತಲೆಮಾರಿನಲ್ಲೂ ಮನುಷ್ಯರನ್ನು ಕಂಡರೆ ಕಚ್ಚದ, ಹೆದರದ ನರಿಗಳನ್ನು ಮಾತ್ರ ಆರಿಸಿ ಮರಿ ಮಾಡಿಸಿದರು. ಹೀಗೆ ಸಾಗುತ್ತಾ ಬಂದ ಸಾಧು ನರಿಗಳು ದೊಡ್ಡವಾದ ಮೇಲೂ ನಾಯಿಮರಿ ಥರ ಬಾಲ ಅಲ್ಲಾಡಿಸುತ್ತಿದ್ದವು, ಕುಂಯ್‌ಗುಟ್ಟುತ್ತಾ ಜನರ ಹತ್ತಿರ ಬರುತ್ತಿದ್ದವು. ಆರಿಸಿದ್ದು ಸಾಧು ಸ್ವಭಾವವನ್ನು, ಜೊತೆಗೆ ಬಂದದ್ದು ಮರಿತನ.

ಮನುಷ್ಯನಲ್ಲೂ ಇಂಥದ್ದೇ ಏನೋ ಆಗಿರಬಹುದು ಅಂತ ಸ್ಟೀಫನ್ ಜೇ ಗೌಲ್ಡ್ ಥರದ ವಿಜ್ಞಾನಿಗಳು ವಾದ ಮಾಡಿದ್ದಾರೆ. ಮನುಷ್ಯರ ಬಾಲ್ಯ ಬಹಳ ಉದ್ದ. ಯೋಜನೆ, ಹಿಡಿತ, ವಿವೇಕ ನೋಡಿಕೊಳ್ಳುವ ಮೆದುಳಿನ ಮುಂಭಾಗ ಪೂರ್ತಿ ಮಾಗೋಕೆ ಇಪ್ಪತ್ತರ ನಡುಭಾಗದವರೆಗೂ ಹಿಡಿಯುತ್ತೆ. ಅಂದ್ರೆ ನಮ್ಮ ಫ್ಲೋರ್‌ನಲ್ಲಿ ಯಾರದ್ದೂ ಇನ್ನೂ ಪೂರ್ತಿ ಆಗಿಲ್ಲ. ವಾರ್ಡನ್ ಸರ್‌ಗೆ ಇದನ್ನು ಹೇಳಬೇಡಿ. ಮುಖ್ಯವಾದ ಮಾತು ಏನಂದ್ರೆ, ಕಲಿಯೋ ಶಕ್ತಿಯಾಗಲಿ ಆಡೋ ಆಸೆಯಾಗಲಿ ಆಮೇಲೂ ನಿಲ್ಲೋದಿಲ್ಲ. ದೊಡ್ಡವರಾದ ಮೇಲೆ ಆಡೋದು ಮನುಷ್ಯರ ವಿಷಯದಲ್ಲಿ ತಪ್ಪು ದಾರಿ ಅಲ್ಲ, ನಮ್ಮ ಜಾತಿಯ ಗುಣವೇ ಅದು.

ಕೋಟೆಯ ವಿಷಯ ಬಂದ ಮೇಲೆ ಜ್ಯೋತಿರಾಜ್ ಅವರ ಹೆಸರು ಬಿಡೋಕಾಗಲ್ಲ. ಹಗ್ಗ ಇಲ್ಲದೆ ಬರಿಗೈಯಲ್ಲಿ ಕೋಟೆಯ ಗೋಡೆ ಹತ್ತುವ ಇವರನ್ನು ಜನ ಕೋತಿರಾಜ ಅಂತ ಕರೆಯುತ್ತಾರೆ. ಕೋತಿಗಳನ್ನು ನೋಡಿ ನೋಡಿಯೇ ಹತ್ತೋದು ಕಲಿತೆ ಅಂತ ಅವರೇ ಹೇಳಿದ್ದಾರೆ. ನಾವು ಹೇಳಬೇಕೆಂದಿರೋದು ಅವರ ಸಾಹಸದ ಬಗ್ಗೆ ಅಲ್ಲ (ದಯವಿಟ್ಟು ಯಾರೂ ಟ್ರೈ ಮಾಡಬೇಡಿ), ಕೆಳಗೆ ನಿಂತು ನೋಡುವವರ ಬಗ್ಗೆ. ಐವತ್ತು ಅರವತ್ತು ದಾಟಿದ ಗಂಭೀರ ಮನುಷ್ಯರು ಬಾಯಿಬಿಟ್ಟುಕೊಂಡು, ಕತ್ತೆತ್ತಿ ನಿಂತಿರುತ್ತಾರೆ. ಅವರ ಮುಖಗಳಲ್ಲಿ ಆಗ ವಯಸ್ಸು ಹುಡುಕಿದರೂ ಸಿಗಲ್ಲ.

ಆಟ ಮತ್ತು ಹುಡುಗಾಟ

ಇಲ್ಲಿ ಕನ್ನಡದ ಬಗ್ಗೆ ಒಂದು ಮಾತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇದು ತಡವಾಗಿ ಹೊಳೆಯಿತು. ಮಕ್ಕಳು ಬೀದಿಯಲ್ಲಿ ಮಾಡೋದು ಆಟ. ದೊಡ್ಡವರು ರಾತ್ರಿಯೆಲ್ಲ ಬಣ್ಣ ಹಚ್ಚಿ ಕುಣಿಯೋದೂ ಆಟವೇ: ಬಯಲಾಟ, ದೊಡ್ಡಾಟ, ಸಣ್ಣಾಟ, ತೊಗಲುಗೊಂಬೆಯಾಟ. ಒಂದೇ ಪದ. ನಮ್ಮ ಹಿರಿಯರು ಆಟವನ್ನು ಮಕ್ಕಳಿಗೆ ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಹಳೇ ಗುಡಿಗಳ ಜಗಲಿ ಕಲ್ಲುಗಳ ಮೇಲೆ ಹುಲಿ-ಕುರಿ ಆಟದ ಮನೆ ಕೊರೆದಿರೋದನ್ನು ನೀವೂ ನೋಡಿರಬಹುದು. ಕಲ್ಲಿನಲ್ಲಿ ಗೆರೆ ಕೊರೆಯೋಷ್ಟು ಪುರುಸೊತ್ತು, ಆಸೆ ಎರಡೂ ದೊಡ್ಡವರಿಗಿತ್ತು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋದರೆ ಇದು ಇವತ್ತಿಗೂ ಕಾಣುತ್ತೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮುಂದಾಳತ್ವದಲ್ಲಿ 1997ರಲ್ಲಿ ಶುರುವಾದ ಶಿವಸಂಚಾರ ತಂಡ ವರ್ಷವರ್ಷ ಹೊಸ ನಾಟಕ ಕಟ್ಟಿಕೊಂಡು ರಾಜ್ಯ ಸುತ್ತುತ್ತೆ. ಊರಿನಲ್ಲಿ ನಾಟಕೋತ್ಸವ ನಡೆದಾಗ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಹೊಲದಿಂದ ಬಂದವರು, ಮೇಷ್ಟ್ರುಗಳು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡ ಅಮ್ಮಂದಿರು ಒಟ್ಟಿಗೆ ಕೂರುತ್ತಾರೆ. ನಮ್ಮ ಗೆಳೆಯನ ಅಜ್ಜಿಯೂ ಚಳಿಗೆ ತಲೆಗೆ ಸೆರಗು ಸುತ್ತಿಕೊಂಡು ಕೊನೇವರೆಗೂ ಕೂತಿರುತ್ತಾರಂತೆ. ಕೆಟ್ಟವನು ರಂಗಕ್ಕೆ ಬಂದರೆ ಕೂತಲ್ಲಿಂದಲೇ ಬೈಗುಳ. ಅದು ನಾಟಕ ಅಂತ ಅವರಿಗೆ ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದೂ ಒಳಗೆ ಇಳಿಯೋದು, ಅದೇ ಆಟ.

ಆದರೆ ಕನ್ನಡ ಇನ್ನೊಂದು ಪದವನ್ನೂ ಇಟ್ಟುಕೊಂಡಿದೆ: ಹುಡುಗಾಟ. "ಹುಡುಗಾಟ ಆಡಬೇಡ" ಅನ್ನೋದು ಬೈಗುಳ. ಎರಡರ ವ್ಯತ್ಯಾಸ ನಮಗೆ ಗೊತ್ತಾಗಿದ್ದು ಹೀಗೆ. ಕೋಡಿ ನೀರಿಗಿಳಿದ ತಾತ ಮಗುವಿನ ಥರ ಆದರು. ಆದರೆ ಮೊಮ್ಮಗ ಹಿಂದೆಯೇ ಇಳಿದಾಗ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಜವಾಬ್ದಾರಿ ಬಿಟ್ಟು ಓಡೋದು ಹುಡುಗಾಟ. ಜವಾಬ್ದಾರಿ ಇಟ್ಟುಕೊಂಡೂ ಬೆರಗು ಬಿಡದೇ ಇರೋದು ಬೇರೆ. ನಾವು ಇವತ್ತು ಉಲ್ಟಾ ಮಾಡುತ್ತಿದ್ದೇವೆ. ಅಸೈನ್‌ಮೆಂಟ್ ಕಾಪಿ ಹೊಡೆಯೋದರಲ್ಲಿ ಹುಡುಗಾಟ, ಉಳಿದದ್ದರಲ್ಲೆಲ್ಲ ಮುದುಕರು.

"ಅರವತ್ತಕ್ಕೆ ಅರಳು ಮರಳು" ಅನ್ನೋ ಗಾದೆಯನ್ನು ನಮ್ಮ ಕಡೆ ಬುದ್ಧಿ ಮಂಕಾಯ್ತು ಅನ್ನೋ ಅರ್ಥದಲ್ಲಿ ಹೇಳುತ್ತಾರೆ. ಅದನ್ನೇ "ಮರಳಿ ಅರಳು" ಅಂತ ತಿರುಗಿಸಿ ಓದುವವರೂ ಇದ್ದಾರೆ. ಬೇಂದ್ರೆಯವರಿಗೆ 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ಕೃತಿಯ ಹೆಸರೂ 'ಅರಳು ಮರಳು'. ಆಗ ಅವರಿಗೆ ಅರವತ್ತು ದಾಟಿತ್ತು.

ಇದಕ್ಕೂ ಆಯುಸ್ಸಿಗೂ ಸಂಬಂಧ ಇದೆಯಾ?

ಇದೆ ಅನ್ನೋ ಹಾಗೆ ಕಾಣುತ್ತೆ, ಆದರೆ ಹುಷಾರಾಗಿ ಓದಬೇಕು. ಇಂಗ್ಲೆಂಡಿನಲ್ಲಿ 6,489 ಜನರನ್ನು ಹಲವು ವರ್ಷ ಹಿಂಬಾಲಿಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 65.8. ಅನ್ನಿಸುತ್ತಿದ್ದ ವಯಸ್ಸು ಸರಾಸರಿ 56.8. ಸುಮಾರು ಎಂಟು ವರ್ಷದ ಅವಧಿಯಲ್ಲಿ, ಚಿಕ್ಕವರು ಅನ್ನಿಸಿದವರಲ್ಲಿ ಶೇ. 14.3 ಜನ ತೀರಿಕೊಂಡಿದ್ದರು. ವಯಸ್ಸಿಗೆ ಸರಿಯಾಗಿದ್ದೇನೆ ಅಂದವರಲ್ಲಿ ಶೇ. 18.5. ವಯಸ್ಸಿಗಿಂತ ಮುದಿಯಾಗಿದ್ದೇನೆ ಅಂದವರಲ್ಲಿ ಶೇ. 24.6.

ಇದನ್ನು ಓದಿ "ಚಿಕ್ಕವನು ಅಂದುಕೊಂಡರೆ ಆಯುಸ್ಸು ಜಾಸ್ತಿ" ಅಂತ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡಬೇಡಿ. ಕಾಯಿಲೆ ಇದ್ದವರಿಗೆ ಮುದಿತನ ಬೇಗ ಅನ್ನಿಸೋದು ಸಹಜ. ಯಾವುದು ಕಾರಣ, ಯಾವುದು ಪರಿಣಾಮ? ಸಂಶೋಧಕರು ಕಾಯಿಲೆ, ಓಡಾಟದ ತೊಂದರೆ ಇವನ್ನೆಲ್ಲ ಲೆಕ್ಕಕ್ಕೆ ತಗೊಂಡ ಮೇಲೆ ವ್ಯತ್ಯಾಸ ಕಮ್ಮಿಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಅಮೆರಿಕದ ಬೆಕ್ಕಾ ಲೆವಿ ಮತ್ತು ಅವರ ಜೊತೆಯವರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ದಿಕ್ಕಿನಿಂದ ನೋಡಿತು. ಅದರಲ್ಲಿ 50 ದಾಟಿದ 660 ಜನ ಇದ್ದರು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು, ಇಲ್ಲದವರಿಗಿಂತ ಸರಾಸರಿ 7.5 ವರ್ಷ ಹೆಚ್ಚು ಬದುಕಿದ್ದರು. ಮನಸ್ಸಿಗೆ ಹೇಗನ್ನಿಸುತ್ತೋ ಹಾಗೆ ನಾವು ನಡೆಯೋದು, ಉಣ್ಣೋದು, ಡಾಕ್ಟರ ಹತ್ತಿರ ಹೋಗೋದು ಎಲ್ಲ ಬದಲಾಗುತ್ತೆ. ದಾರಿ ಅಲ್ಲಿಂದ ಇರಬಹುದು.

ಆ ಟೇಬಲ್ಲಿನ ಕೊನೇ ಸಾಲು ಓದುವಾಗ ನಾಲ್ವರಿಗೂ ದುರ್ಗದ ಅಪ್ಪ ನೆನಪಾದರು. ನಲವತ್ತೆಂಟಕ್ಕೆ ಅರವತ್ತು. ಚಿಂತೆ, ನಿದ್ದೆಗೇಡು, ಕಾಯಿಲೆ ಇವೆಲ್ಲ ಅನ್ನಿಸುವ ವಯಸ್ಸನ್ನು ಏರಿಸುತ್ತವೆ. ಅವರ ಆ ಹೆಚ್ಚಿನ ಹನ್ನೆರಡು ವರ್ಷದಲ್ಲಿ ಕೆಲವು ಅಂಗಡಿಯ ಸಾಲದ್ದು, ಕೆಲವು ಬಿಪಿಯದ್ದು. ಕೆಲವು ನಮ್ಮ ಫೀಸಿನದ್ದು. "ಮನಸ್ಸು ಯಂಗ್ ಆಗಿಟ್ಟುಕೊಳ್ಳಿ ಅಂಕಲ್" ಅಂತ ಹೇಳಿದರೆ ಅದು ಇಳಿಯೋದಿಲ್ಲ. ಸಮಯಕ್ಕೆ ಪಾಸಾಗೋದು, ವಾರಕ್ಕೆರಡು ಸಲ ಫೋನ್ ಮಾಡೋದು, ದುಡ್ಡು ಕೇಳೋಕೆ ಮಾತ್ರ ಫೋನ್ ಮಾಡದೇ ಇರೋದು, ಇವು ಸ್ವಲ್ಪ ಇಳಿಸಬಹುದು. ಮನೆಯಲ್ಲಿ ಹಿರಿಯರಿಗೆ ಮಾತುಮಾತಿಗೂ "ನಿಮಗೆ ವಯಸ್ಸಾಯ್ತು, ಸುಮ್ಮನಿರಿ" ಅನ್ನೋದನ್ನು ಬಿಡೋದೂ ಅಷ್ಟೇ ಮುಖ್ಯ.

ಈಗ ಬೆಳೀತಿರೋ ಹಂಪ್

ಇಷ್ಟೆಲ್ಲ ಓದಿದ ಮೇಲೆ ನಮಗೆ ಅನ್ನಿಸಿದ್ದು ಒಂದೇ. ನಮಗೀಗ ಹತ್ತೊಂಬತ್ತು. ನೆನಪಿನ ಆ ಉಬ್ಬು ಈಗ, ಈ ಸೆಮಿಸ್ಟರ್‌ನಲ್ಲೇ, ಬೆಳೆಯುತ್ತಿದೆ. ಎಪ್ಪತ್ತಕ್ಕೆ ನಮ್ಮ ಮೊಮ್ಮಕ್ಕಳು "ಒಳಗೆ ಎಷ್ಟು ವಯಸ್ಸು ಅನ್ಸುತ್ತೆ" ಅಂತ ಕೇಳಿದರೆ ನಾವೂ ಹದಿನೆಂಟು, ಹತ್ತೊಂಬತ್ತು ಅನ್ನಬಹುದು. ಆಗ ಹಿಂದಿರುಗಿ ನೋಡಿದರೆ ಅಲ್ಲಿ ಏನಿರುತ್ತೆ? ಪ್ಲೇಸ್‌ಮೆಂಟ್ ಆದಮೇಲೆ ಬದುಕೋಣ ಅಂತ ಮುಂದಕ್ಕೆ ಹಾಕಿದ ದಿನಗಳು, ಮುಗಿಯದ ರೀಲ್ಸು, ಕಾಪಿ ಹೊಡೆದ ರೆಕಾರ್ಡು, ಇಷ್ಟೇ ಆದರೆ ಕಷ್ಟ. ಓದಬೇಕು, ಪಾಸಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆನಪಿಡೋಕೆ ಯೋಗ್ಯವಾದ ಒಂದಷ್ಟು ಮೊದಲ ಸಲಗಳನ್ನೂ ಈಗಲೇ ಇಟ್ಟುಕೊಳ್ಳಬೇಕು.

ರಜೆ ಮುಗಿಸಿ ಬಂದ ಮೇಲೆ ಕಾರಿಡಾರಿನ ನೆಲದಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದಿದ್ದೇವೆ. ಕವಡೆ ಹೊಸದುರ್ಗದ ಅಜ್ಜಿ ಕೊಟ್ಟದ್ದು. ಊಟ ಆದಮೇಲೆ ಜಾಗ ಸಿಗೋದೇ ಕಷ್ಟ.

ಇನ್ನೊಂದು ಹೇಳಬೇಕು. ರಜೆಯ ಕೊನೇ ಭಾನುವಾರ ದುರ್ಗದವನು ಬೆಳಿಗ್ಗೆ ಬೆಳಿಗ್ಗೆ ಅಪ್ಪನನ್ನು ಎಬ್ಬಿಸಿ ಕೋಟೆಗೆ ಕರೆದುಕೊಂಡು ಹೋದ. ಮನೆಯಿಂದ ಕಣ್ಣಿಗೆ ಕಾಣೋ ಕೋಟೆ, ಆದರೆ ಅವರು ಹತ್ತಿ ಎಷ್ಟೋ ವರ್ಷ ಆಗಿತ್ತು. ಅಲ್ಲಲ್ಲಿ ಕೂತು, ಉಸಿರು ತಗೊಂಡು, ನಿಧಾನವಾಗಿ ಅಕ್ಕ ತಂಗಿ ಹೊಂಡದವರೆಗೂ ಹೋದರು. ಬರುವಾಗ ದಾರಿ ಪಕ್ಕದ ಒಂದು ನುಣುಪು ಬಂಡೆ ಮುಂದೆ ಅಪ್ಪ ನಿಂತುಬಿಟ್ಟರು. "ಇಲ್ಲಿ ಜಾರಿ ಜಾರಿ ಚಡ್ಡಿ ಹರ್ಕೊಂಡು ನಿಮ್ಮಜ್ಜಿ ಕೈಲಿ ಹೊಡಿಸ್ಕೊಂಡಿದ್ದೆ ಕಣೋ" ಅಂದರು. ಆಚೀಚೆ ನೋಡಿದರು. ಯಾರೂ ಇರಲಿಲ್ಲ. ಕೂತು, ಒಂದೇ ಒಂದು ಸಲ, ಜಾರಿದರು.

ಪ್ಯಾಂಟಿನ ಮಣ್ಣು ಒದರುತ್ತಿದ್ದಾಗ ಇವನು ಮತ್ತೆ ಅದೇ ಪ್ರಶ್ನೆ ಕೇಳಿದ: "ಈಗ ಎಷ್ಟಪ್ಪಾ?"

"ಈಗ ಹತ್ತು. ಕೆಳಗಿಳಿದು ಅಂಗಡಿ ಬಾಗಿಲು ತೆಗೆದ ಮೇಲೆ ಮತ್ತೆ ಅರವತ್ತು" ಅಂದರು. ಆಮೇಲೆ ಸ್ವಲ್ಪ ದೂರ ನಡೆದು ಹೇಳಿದರು: "ಮುಂದಿನ ಸಲ ಬಂದಾಗ ಇನ್ನೂ ಬೇಗ ಎಬ್ಬಿಸು."